ಕೊಕ್ಕಿಗೆ ಬೇಕಾದ ಕಟ್ಟಿಗಿ

ನುಸ್ರತ್ ಟೀಚರರ ಮನಿ ಚೌಕಟ್ಟು
ಸಾಗವಾನಿದ್ದು, ನಾನೇ ಕೂಡ್ಸಿದ್ದು.
ಎರಡು ವರ್ಷಕ್ಕ ಫೋನ್ ಬಂತು:
"ಮೋನಪ್ಪಾ, ಜರಾ ಬಂದು ನೋಡು."

ಗೆದ್ದಲಲ್ಲ, ಇಲಿಯಲ್ಲ.
ಗೆದ್ದಲು ಒಳಗಿಂದ ಕಳ್ಳನಂಗ ತಿಂತದ.
ಇದು ಹೊರಗಿಂದ, ಹಾಡಹಗಲೇ,
ಅರ್ಧ ಇಂಚಿನ ಉಳಿಯಂಗ
ಎಳಿ ನೋಡಿ ಹೊಡದದ.
ಬೆರಳಾಡಿಸಿದೆ. ನನ್ನ ಹುಡುಗರಿಗೆ
ಹತ್ತು ವರ್ಷಾದ್ರೂ ಈ ಕೈ ಕೂತಿಲ್ಲ.

ಬಾಗಲ ಮ್ಯಾಲ ಕುಂತಿದ್ದ ಕೆಲಸಗಾರ.
ಮೈಯೆಲ್ಲ ಬಿಳಿ. ನನ್ನ ಕಂಡದ್ದೇ
ನೆತ್ತಿ ಮ್ಯಾಲಿನ ಛತ್ರಿ ಬಿಚ್ಚಿದ.
"ಮಲಾಯಿ ಅಂತ. ಛತ್ರಿ ಕಾಕಟೂ," ಅಂದ್ರು.
ಮಾತು ಮುಗಿಯೂದ್ರಾಗ ಅದು
ಅವರ ಹೆಗಲಿಗೆ, ಗದ್ದದ ಕೆಳಗ, ದುಪಟ್ಟಾದೊಳಗ.
ಟೀಚರು ಚಾ ಮಾಡ್ಲಾಕ ಒಳಗ ಹೋದ್ರೋ ಇಲ್ಲೋ
ಚೀರಿತು ನೋಡ್ರಿ,
ಸಾ ಮಿಲ್ಲಿನ ಬ್ಲೇಡಿಗೆ ಮೊಳಿ ಸಿಕ್ಕಂಗ.
ಬಂದು ಎತ್ತಿಕೊಂಡ ಮ್ಯಾಲೇ ಬಾಯಿ ಮುಚ್ಚಿತು.

ಚೌಕಟ್ಟು ಉಳೀಬೇಕಂದ್ರ
ಕೆಡಸ್ಲಾಕ ಬ್ಯಾರೆ ಏನರೆ ಕೊಡ್ರಿ ಅಂದೆ.
ಬೇವಿನ ಟೊಂಗಿ ಹಚ್ಚಿ ಒಂದು ಸ್ಟ್ಯಾಂಡ್ ಮಾಡಿಕೊಟ್ಟೆ.
ಅಷ್ಟಕ್ಕೇ ಕಲಬುರಗ್ಯಾಗ ನನ್ನ ಹೆಸರು
ಕಾಕಟೂ ಬಡಿಗ್ಯಾ ಅಂತಾತು.

ಗಂಜಿನ ಕಲ್ಯಾಣೆಪ್ಪ ಸಾವಕಾರ್ರದು ಗಾಲಾ ಜಾತಿ,
ಬೂದಿ ರೆಕ್ಕಿ, ಗುಲಾಬಿ ಎದಿ.
ಮೈಮ್ಯಾಲ ಬೀಳೂ ಚಟ ಇಲ್ಲ, ತನ್ನಷ್ಟಕ್ಕ ತಾನು.
ಆದ್ರ ಸೂರ್ಯಕಾಂತಿ ಬೀಜ ಕಂಡ್ರ ಬಿಡಂಗಿಲ್ಲ.
ಹಕ್ಕಿ ಡಾಕ್ಟರೂ, ಮನಷ್ಯಾರ ಡಾಕ್ಟರೂ
ಅದಕ್ಕೂ ಸಾವಕಾರ್ರಿಗೂ ಒಂದೇ ಚೀಟಿ ಬರದಾರ:
ಎಣ್ಣಿ ಬಂದ್.
ನಾನು ಕೂಡೂ ಕೋಲು ಒಂದು ಸುತ್ತು ದಪ್ಪ ಮಾಡಿದೆ.

ಜೇವರ್ಗಿ ಕಾಲೋನಿಯ ಗಾಫಿನ್
ಪಾರಿವಾಳಕ್ಕಿಂತ ದೊಡ್ಡದೇನಲ್ಲ.
ಪಂಜರಕ್ಕ ಕೊಂಡಿ ಹಾಕಿದೆ. ತೆಗೀತು.
ಚಿಲಕ. ತೆಗೀತು.
ತಿರುಪಿನ ಬೋಲ್ಟ್ ಹಾಕುವಾಗ
ತಲಿ ವಾರಿ ಮಾಡಿ ನೋಡ್ಕೋತ ಕುಂತಿತ್ತು
ಹೊಸದಾಗಿ ಸೇರಿದ ಶಿಷ್ಯನಂಗ.
ಚಾ ಆರೂದ್ರಾಗ
ಆ ಬೋಲ್ಟ್ ನನ್ನ ಬಶಿಯಾಗ ಬಿತ್ತು, ಟಣ್!
ಅವತ್ತು ಕೂಲಿ ಕೇಳ್ಲಿಲ್ಲ.

ಟೇಲರ್ ಖಾಜಾಸಾಬನ ಅಂಗಡ್ಯಾಗ
ಕೆನ್ನಿಗೆ ಕಿತ್ತಳಿ ಬೊಟ್ಟಿನ ಕಾಕ್‌ಟೀಲ್.
ಅಂಗೈಯಷ್ಟು; ಅದೂ ಇದೇ ಕುಲ ಅಂದ್ರ ನಂಬಲಿಲ್ಲ.
ಜುಟ್ಟು ನೋಡಿ ನಂಬಿದೆ.
ಅರ್ಧ ಸೀಟಿ ಅದು ಹೊಡೀತದ,
ಇನ್ನರ್ಧ ಹೊಲಿಗಿ ಮಶೀನು.

ಸ್ಟೇಷನ್ ಕಡೆ ಒಂದು ಬಂಗಲೆ. ಹೆಸರು ಹೇಳಂಗಿಲ್ಲ.
ದೊಡ್ಡ ಮೊಲುಕ್ಕನ್, ಜುಟ್ಟಿನೊಳಗ ಹಣ್ಣಾದ ಪಪ್ಪಾಯಿ ಬಣ್ಣ.
ಮಂದಿ ಬಂದಾಗ ತೋರಸ್ಲಾಕ ತಂದದ್ದು.
ಉಳಿದ ಹೊತ್ತಿನ್ಯಾಗ ಕಬ್ಬಿಣದ ಪಂಜರ,
ಕಬ್ಬಿಣದ ಕೋಲು, ಕಬ್ಬಿಣದ ಬಟ್ಟಲ.
ಎದಿ ತೊಗಟಿ ಸುಲಿದ ಹಲಗಿಯಂಗಿತ್ತು.
"ರೋಗ ಏನೋ," ಅಂದ್ರು.
ರೋಗ ಅಲ್ರೀ.
ಕಟ್ಟಿಗಿ ಸಿಗಲಿಲ್ಲಂತ
ತನ್ನನ್ನೇ ಕೆತ್ತಿಕೊಂಡದ.
"ಪಂಜರಕ್ಕ ಗಾಜಿನ ಶೋಕೇಸು ಮಾಡ್ತೀಯೇನು?"
ಟೇಪು ಬಿಚ್ಚಲಾರದೇ ಬಂದೆ.

ದೂರದ ದ್ವೀಪದಾಗ ಕರೀ ಕಾಕಟೂ ಅದಂತ.
ಟೊಂಗಿ ಮುರದು, ಹದ ಮಾಡಿ,
ಕಾಲಾಗ ಹಿಡಕೊಂಡು
ಪೊಳ್ಳು ಮರಕ್ಕ ಬಡೀತದಂತ, ತಾಳ ಹಿಡದು.
ಅದನ್ನ ಯಾರೂ ಮನ್ಯಾಗ ಇಡಬಾರದು ಅಂದ್ರು ಟೀಚರು.
ಇಡಬಾರದು. ಅದು ನಮ್ಮವ.

ಕಳದ ಶುಕ್ರವಾರ ತುಂಡಿನ ಚೀಲ ಒಯ್ದೆ.
ಮಲಾಯಿ ನೀಲಗಿರಿ ಒಗದು, ಬೇವು ಆರಿಸಿಕೊಂಡಿತು.
ಟೀಚರು ಕಿಟಕಿ ಕಡೆ ನೋಡ್ಕೋತ ಅಂದ್ರು:
"ಇದಕ್ಕ ಹದಿನೆಂಟು, ನನಗ ಅರವತ್ತಾರು.
ಇನ್ನಾ ನಲವತ್ತು ವರ್ಷ ಇರ್ತದಂತ ಇದು.
ನಿನ್ನ ಮಗಳು ಎಷ್ಟನೇ ಇಯತ್ತೆ?"

"ಎಂಟು," ಅಂದೆ. ಮುಂದ ಏನೂ ಅನ್ನಲಿಲ್ಲ.
ನಮ್ಮದು ಬ್ರಹ್ಮಪುರದಾಗ ಎರಡು ಖೋಲಿ.
ಬಾಜೂ ಮನಿಯವರ ಕೆಮ್ಮು
ಗ್ವಾಡಿ ದಾಟಿ ಬರ್ತದ, ನಮ್ಮದು ಅವರಿಗೆ ಹೋಗ್ತದ.
ಹೊರಗ ಬಂದು ಅಂಗಿ ಝಾಡಿಸಿದೆ:
ಒಂದು ಹೆಗಲಿಂದ ಕಟ್ಟಿಗಿ ಹುಡಿ ಉದುರಿತು,
ಇನ್ನೊಂದರಿಂದ ರೆಕ್ಕಿಯ ಬಿಳಿ ಪುಡಿ.

ಹ್ಞೂಂ ಅಂದಿಲ್ಲ ಇನ್ನಾ.
ನಿನ್ನೆ ಸಂಜೀಕ ನಮ್ಮ ಬಾಗಲ ಚೌಕಟ್ಟಿಗೆ
ಮ್ಯಾಲಿಂದ ಒಂದು ಬೇವಿನ ಪಟ್ಟಿ ಬಡದೆ.
ಯಾಕಂತ ಕೇಳಿದಳು ಹೆಂಡತಿ.
ಸೀಳು ಬಿಟ್ಟಿತ್ತು ಅಂದೆ.